ಮದುವೆಗೆ ಕೊಟ್ಟ ಪೋರ್ಟರ್

ಮತ್ತೊಂದು ಬಾಟಲಿ ಸಿಡಿಯಿತು. ಉಗ್ರಾಣದ ತಗಡಿನ ಬಾಗಿಲಿಗೆ ಗಾಜಿನ ಚೂರುಗಳು ಒಳಗಿನಿಂದ ರಪರಪ ಬಡಿದವು. ಹೊರಗೆ ನಿಂತಿದ್ದ ಲೆಶೆಕ್ ಕುತ್ತಿಗೆಯನ್ನು ಹೆಗಲೊಳಗೆ ಎಳೆದುಕೊಂಡ. ಜೂನ್ ತಿಂಗಳ ಆ ಸೆಕೆಯಲ್ಲೂ ಅವನು ಚಳಿಗಾಲದ ದಪ್ಪ ಕೋಟು ತೊಟ್ಟು, ಕೈಗೆ ಚರ್ಮದ ಗವಸು ಹಾಕಿ, ಮುಖಕ್ಕೆ ವೆಲ್ಡಿಂಗ್ ಮಾಡುವವರ ಮುಖವಾಡ ಇಳಿಬಿಟ್ಟುಕೊಂಡಿದ್ದ. ಸದ್ದು ಅಡಗುವುದನ್ನೇ ಕಾದು ಒಳಗೆ ನುಗ್ಗಿದ. ಬೇಕಾದ ಬಾಟಲಿಗಳನ್ನು ಒಂದು ಬಕೆಟ್ಟಿಗೆ ಇಳಿಸಿ, ಮೇಲೆ ಒದ್ದೆ ಗೋಣಿ ಮುಚ್ಚಿ, ಬಕೆಟ್ಟನ್ನು ಮೈಯಿಂದ ದೂರ ಹಿಡಿದುಕೊಂಡು ಹೊರಗೆ ಬಂದ.

"ಯಾವುದು ಸಿಡೀತಿರೋದು?" ಎಂದು ಒಳಕೋಣೆಯಿಂದ ವಿತೋಲ್ದ್ ಕೇಳಿದ.

"ಹೊಗೆ ಬಿಯರು. ಇಲ್ಲಿವರೆಗೂ ಅದೊಂದೇ."

"ಹಾಗಾದ್ರೆ ಅದೊಂದನ್ನೇ ಚೆಲ್ಲಿದರಾಯ್ತು. ನಂಗೆ ಚರ್ಚಿಗೆ ಹೊತ್ತಾಗತ್ತೆ ಕಣೋ."

ಶ್ರೆಮ್ ಊರಿನಾಚೆ, ವಾರ್ತಾ ನದಿಯ ದಡದಲ್ಲಿದ್ದ ಆ ಕಟ್ಟಡ ಮೊದಲು ಹಾಲಿನ ಡೇರಿಯಾಗಿತ್ತು. ಡೇರಿ ಮುಚ್ಚಿ ಪಾರಿವಾಳಗಳ ಪಾಲಾಗಿದ್ದ ಜಾಗವನ್ನು ಈ ಗೆಳೆಯರಿಬ್ಬರೂ ಹಿಡಿದು, ಗೋಡೆಯ ಬಿಳಿ ಟೈಲ್ಸನ್ನು ತಾವೇ ಕೂತು ಉಜ್ಜಿ, ಬಿಯರು ಬೇಯಿಸಲು ಶುರುಮಾಡಿದ್ದರು. ಲೆಶೆಕ್ ಅದಕ್ಕೆ ಮುಂಚೆ ಬಸ್ಸುಗಳ ಮೆಕ್ಯಾನಿಕ್ಕು. ಯಂತ್ರ, ಪೈಪು, ಉಷ್ಣತೆ ಎಲ್ಲ ಅವನ ಕೈಯಲ್ಲಿ. ವಿತೋಲ್ದ್ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವನು, ಆದರೆ ದೇವರು ಅವನಿಗೆ ಕೊಟ್ಟಂಥ ನಾಲಿಗೆಯನ್ನು ಆ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಕೊಟ್ಟಿರಲಿಲ್ಲ. ಕಣ್ಣು ಕಟ್ಟಿ ಕೊಟ್ಟರೂ ಯಾರ ಬಾವಿಯ ನೀರು ಎಂದು ಹೇಳಬಲ್ಲ. ಪೊಜ್ನಾನ್‌ನ ಬಿಯರು ಹಬ್ಬಕ್ಕೆ ಬಂದ ಗಡ್ಡದ ಪಂಡಿತರೆಲ್ಲ ಅವನ ಅಭಿಪ್ರಾಯ ಕೇಳಿಯೇ ಬಾಯಿ ತೆರೆಯುತ್ತಿದ್ದರು. ಇದನ್ನು ಅವನು ದಿನಕ್ಕೊಮ್ಮೆಯಾದರೂ ಜ್ಞಾಪಿಸುತ್ತಿದ್ದ ಎನ್ನುವುದು ಬೇರೆ ಮಾತು.

ಆ ದಿನ ವಿತೋಲ್ದನ ಅಕ್ಕ ಬೊಜೆನಾಳ ಮಗಳು ಯಾಗೊದಾಳ ಮದುವೆ. ವಿತೋಲ್ದ್ ಅವಳಿಗೆ ಸೋದರಮಾವ ಅಷ್ಟೇ ಅಲ್ಲ, ಅವಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡು ನಿಂತ ಧರ್ಮಪಿತ. ಅಪ್ಪ ಬಿಟ್ಟುಹೋದ ಹುಡುಗಿಯನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ ಬೆಳೆಸಿದವನು. ಅವಳ ಮದುವೆಗೆಂದೇ ಹೋದ ಶರತ್ಕಾಲದಲ್ಲಿ ಒಂದು ಪೋರ್ಟರ್ ಬೇಯಿಸಿದ್ದ. ಎಣ್ಣೆಯಂತೆ ಕಪ್ಪಗಿನ, ಗಡಸು ಬಿಯರು. ಚಳಿಗಾಲವಿಡೀ ತಣ್ಣನೆ ಕೋಣೆಯಲ್ಲಿ ಅದನ್ನು ಮಲಗಿಸಿ, ದಿನಾ ಹೋಗಿ ಪೀಪಾಯಿಯ ಬೆನ್ನು ತಟ್ಟಿ ಬರುತ್ತಿದ್ದ. ಬಾಟಲಿಗಳ ಮೇಲೆ ಹುಡುಗ ಹುಡುಗಿಯ ಚಿತ್ರ ಅಂಟಿಸಿದ್ದಾಗಿತ್ತು. ಹಿಂದಿನ ದಿನವೇ ಅವೆಲ್ಲ ಹಳ್ಳಿಯ ಮದುವೆಗಳೆಲ್ಲ ನಡೆಯುವ ಅಗ್ನಿಶಾಮಕ ದಳದ ಹಾಲಿಗೆ ಹೋಗಿ, ಮದುವೆ ಊಟದ ಮೇಜುಗಳ ಮೇಲೆ ಸಾಲಾಗಿ ಕೂತಿದ್ದವು. ಆ ಹಾಲಿನ ತಗಡಿನ ಸೂರಿನ ಕೆಳಗೆ ಜೂನ್ ಮಧ್ಯಾಹ್ನ ಎಷ್ಟು ಕಾಯುತ್ತದೆಂದು ಊರಿಗೆಲ್ಲ ಗೊತ್ತು.

ಲೆಶೆಕ್‌ಗೆ ಕಾಡುತ್ತಿದ್ದ ಭಯ ಅದೇ. ಹೊಗೆ ಬಿಯರಿಗೆ ಸಕ್ಕರೆ ಹೆಚ್ಚಾಗಿ ಸಿಡಿಯುತ್ತಿದ್ದರೆ ಅದೊಂದು ಸಣ್ಣ ನಷ್ಟ. ಆದರೆ ಕಾಡು ಯೀಸ್ಟ್ ಸೇರಿ ಸಿಡಿಯುತ್ತಿದ್ದರೆ? ಚಳಿಗಾಲದಲ್ಲಿ ವಿತೋಲ್ದ್ ಹಟ ಹಿಡಿದು ಚೆರ್ರಿಹಣ್ಣಿನ ಹುಳಿ ಬಿಯರೊಂದನ್ನು ಮಾಡಿದ್ದ. ಅದಕ್ಕೆ ಕಾಡು ಯೀಸ್ಟ್ ಬೇಕು. ಉಳಿದ ಯೀಸ್ಟುಗಳು ಹೊಟ್ಟೆ ತುಂಬಿತೆಂದು ಬಿಟ್ಟ ಸಕ್ಕರೆಯನ್ನೂ ಅದು ಬಿಡದೆ ತಿನ್ನುತ್ತದೆ, ತಿಂದಷ್ಟೂ ಗ್ಯಾಸು ಬಿಡುತ್ತದೆ. ಮುಚ್ಚಿದ ಬಾಟಲಿಯೊಳಗೆ ಒಂದು ಹನಿ ಸೇರಿದರೂ ಸಾಕು. ಹಾಗಾಗಿಯೇ ಹುಳಿ ಬಿಯರಿನ ಪೈಪೇ ಬೇರೆ, ಅದಕ್ಕೆ ಕೆಂಪು ಟೇಪು ಸುತ್ತಿರುತ್ತಾರೆ. ಮಾರ್ಚಿನಲ್ಲಿ ಲೆಶೆಕ್ ಅತ್ತೆಯನ್ನು ಮಣ್ಣು ಮಾಡಲು ಶ್ಚೆಚಿನ್‌ಗೆ ಹೋಗಿದ್ದಾಗ ವಿತೋಲ್ದ್ ಒಬ್ಬನೇ ನಿಂತು ಹೊಗೆ ಬಿಯರು, ಕಹಿ ಬಿಯರು, ಪೋರ್ಟರ್ ಮೂರನ್ನೂ ಬಾಟಲಿಗೆ ತುಂಬಿದ್ದ. ಯಾವ ಪೈಪಿನಿಂದ ತುಂಬಿದೆ ಎಂದು ಲೆಶೆಕ್ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದಕ್ಕೆ ಅವನು ನಕ್ಕು, ನಾನೇನು ನಿನ್ನೆ ಮೊನ್ನೆ ಹುಟ್ಟಿದವನೇ ಎಂದಿದ್ದ. ಅದು ಉತ್ತರವಲ್ಲ ಎಂದು ಲೆಶೆಕ್‌ಗೆ ಫೋನಿಟ್ಟ ಮೇಲೆ ಹೊಳೆಯಿತು.

ಬಕೆಟ್ಟನ್ನು ಸ್ಟೀಲು ಮೇಜಿನ ಪಕ್ಕ ಇಳಿಸಿ, ಮುಖವಾಡ ತೆಗೆದು ಬೆವರು ಒರೆಸಿಕೊಂಡ. ವಿತೋಲ್ದ್ ಮದುವೆಯ ಬೂದು ಸೂಟಿನ ಕೋಟನ್ನು ಮೊಳೆಗೆ ನೇತುಹಾಕಿ, ಬಿಳಿ ಅಂಗಿಯ ತೋಳು ಮಡಿಚಿ, ಲೋಟಗಳನ್ನು ಬೆಳಕಿಗೆ ಹಿಡಿದು ಒರೆಸುತ್ತಿದ್ದ. ಕಟ್ಟಿದ ಟೈಯನ್ನು ಹೆಗಲ ಮೇಲಿಂದ ಬೆನ್ನಿಗೆ ಎಸೆದುಕೊಂಡಿದ್ದ.

ರುಚಿ ನೋಡುವುದಕ್ಕೆ ಅವರಿಬ್ಬರಲ್ಲಿ ಒಂದು ಕಟ್ಟುಪಾಡು ಇತ್ತು. ಬೇಯಿಸಿದವನು ಮೊದಲು ಮಾತಾಡಬಾರದು. ಇನ್ನೊಬ್ಬ ಕುಡಿದು, ಲೋಟ ಕೆಳಗಿಟ್ಟು, ತನಗನಿಸಿದ್ದನ್ನು ಹೇಳಿದ ಮೇಲೆಯೇ ಇವನ ಸರದಿ. ಇನ್ನು, ವೈನಿನವರ ಹಾಗೆ ಉಗುಳುವುದಂತೂ ಇಲ್ಲವೇ ಇಲ್ಲ. ಬಿಯರಿನ ಕಹಿ ತಿಳಿಯುವುದು ಗಂಟಲಿನ ಬುಡದಲ್ಲಿ, ನುಂಗಿದರೆ ಮಾತ್ರ. ಆದ್ದರಿಂದ ನ್ಯಾಯ ತೀರ್ಮಾನ ಮುಂದೆ ಹೋದಂತೆಲ್ಲ ನ್ಯಾಯಾಧೀಶರಿಗೆ ಅಮಲೂ ಏರುತ್ತದೆ.

ಮೊದಲು ಪಿಲ್ಸ್ ಎಂಬ ತಿಳಿ ಹೊಂಬಣ್ಣದ ಬಿಯರು. ಅದು ಲೆಶೆಕ್ ಬೇಯಿಸಿದ್ದು, ಚೆರ್ರಿಯ ಸಹವಾಸಕ್ಕೆ ಮುಂಚೆಯೇ ಬಾಟಲಿ ಸೇರಿದ್ದು. ವಿತೋಲ್ದ್ ಒಂದು ಗುಟುಕು ನುಂಗಿ ಕಣ್ಣು ಮುಚ್ಚಿದ. ಹೊಸ ರೊಟ್ಟಿಯ ಸಿಪ್ಪೆ, ಕೊಯ್ದ ಹುಲ್ಲು, ಕೊನೆಯಲ್ಲಿ ಶುಭ್ರ ಕಹಿ ಎಂದ. ನಿನ್ನ ಹಾಗೇ ಇದೆ, ನೇರ, ಬೋರು ಎಂದೂ ಸೇರಿಸಿದ. ಲೆಶೆಕ್‌ಗೆ ನಗು ಬಂತು. ಅಷ್ಟು ಹೊತ್ತೂ ಬಿಗಿಹಿಡಿದಿದ್ದ ಹೆಗಲು ಸಡಿಲವಾದವು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವರಿಬ್ಬರೂ ಅತಿ ಸುಖವಾಗಿದ್ದ ಗಳಿಗೆಗಳೆಲ್ಲ ಇಂಥವೇ. ನಡುವೆ ಒಂದು ಮೇಜು, ಎರಡು ಲೋಟ.

ಆಮೇಲೆ ಹೊಗೆ ಬಿಯರು. ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಗೋಧಿಯದು, ಆ ಸೀಮೆಯವರ ತಾತಂದಿರ ಕಾಲದಿಂದಲೂ ಇರುವಂಥದ್ದು. ಲೆಶೆಕ್ ಬಾಟಲಿಗೆ ಟವೆಲು ಸುತ್ತಿ, ಮುಖ ಆಚೆ ತಿರುಗಿಸಿ ಮುಚ್ಚಳ ಎಬ್ಬಿಸಿದ. ಮುಚ್ಚಳ ಹೋಗಿ ಚಾವಣಿಗೆ ಬಡಿಯಿತು. ನೊರೆ ಬುಸ್ಸೆಂದು ಎದ್ದು ಟೈಲ್ಸಿನ ಮೇಲೆಲ್ಲ ಹರಿಯಿತು. ಬಾಟಲಿಯಲ್ಲಿ ಉಳಿದದ್ದು ಕಾಲು ಭಾಗ. ಕುಡಿದರೆ ಹೊಗೆ ಇತ್ತು, ಆದರೆ ಹೊಗೆಯ ಹಿಂದೆ ಇರಬೇಕಾದ ಮೈಯೇ ಇರಲಿಲ್ಲ. ನೀರು ನೀರು. ಅದರ ತಳದಲ್ಲಿ, ಬೆವರಿದ ಕುದುರೆಯ ಬೆನ್ನಿನಿಂದ ಈಗಷ್ಟೇ ಇಳಿಸಿದ ಕಂಬಳಿಯ ವಾಸನೆ.

ಇಬ್ಬರೂ ಲೋಟ ಕೆಳಗಿಟ್ಟರು. ಕಾಡು ಯೀಸ್ಟ್ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಕಹಿ ಬಿಯರಿನ ಮುಚ್ಚಳ ತೆಗೆದಾಗ ಅದು ಎದ್ದು ಹಾರಲಿಲ್ಲ. ಆದರೆ ನೊರೆ ನಿಲ್ಲದೆ ಲೋಟದ ಅಂಚು ಮೀರಿ ಉಕ್ಕುತ್ತಲೇ ಹೋಯಿತು. ವಿತೋಲ್ದ್ ಈಗ ತಮಾಷೆ ಮಾಡುತ್ತಿರಲಿಲ್ಲ. ಕಿತ್ತಳೆ ಸಿಪ್ಪೆ, ದೇವದಾರಿನ ಅಂಟು ಎಂದೆಲ್ಲ ತಾನೇ ಹೊಗಳುತ್ತಿದ್ದ ಬಿಯರಿನಲ್ಲಿ ಈಗ ಅದೇ ಕುದುರೆ. ಅವನು ಅಂಗೈಯಿಂದ ಬಾಯಿ ಒರೆಸಿಕೊಂಡು ಗೋಡೆಯ ಗಡಿಯಾರ ನೋಡಿದ.

"ಪೋರ್ಟರ್ ತೆಗಿ," ಎಂದ ಲೆಶೆಕ್.

"ಅದು ಬೇಡ. ಅದು ಬೇರೆ ಪೀಪಾಯಿ, ಬೇರೆ ದಿನ ತುಂಬಿದ್ದು."

"ತೆಗಿಯೋ ಅಂದೆ."

ಡೇರಿಯಲ್ಲಿ ಉಳಿದಿದ್ದ ಪೋರ್ಟರ್ ಬಾಟಲಿಗಳು ಎರಡೇ. ಎರಡೂ ತಣ್ಣನೆ ಕೋಣೆಯಲ್ಲಿದ್ದವು. ಚಳಿಯಲ್ಲಿದ್ದ ಗ್ಯಾಸು ಸುಮ್ಮನಿರುತ್ತದೆ, ಹಾಗಾಗಿ ಅದು ಸೌಮ್ಯವಾಗಿಯೇ ಲೋಟಕ್ಕೆ ಇಳಿಯಿತು. ಕಂದು ನೊರೆ, ಕೆಳಗೆ ಕಪ್ಪು. ಬೇಯಿಸಿದವನು ವಿತೋಲ್ದ್, ಮಾತು ಮೊದಲು ಲೆಶೆಕ್‌ನದು. ಅವನು ಕುಡಿದ. ಒಣದ್ರಾಕ್ಷಿ ಇತ್ತು, ಸುಟ್ಟ ಸಕ್ಕರೆ ಇತ್ತು, ಹಳೇ ಮರದ ಘಮ ಇತ್ತು. ಅಷ್ಟು ಚೆನ್ನಾದ ಬಿಯರನ್ನು ತಾನು ಈ ಜನ್ಮದಲ್ಲಿ ಬೇಯಿಸಲಾರೆ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು. ನುಂಗಿದ ಮೇಲೆ, ಎಲ್ಲ ಇಳಿದುಹೋದ ಮೇಲೆ, ಗಂಟಲಿನ ಬುಡದಲ್ಲಿ ಒಂದು ಎಳೆ ಉಳಿಯಿತು. ಅದು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಎಳೆ.

"ಇದರಲ್ಲೂ ಇದೆ," ಎಂದ.

ವಿತೋಲ್ದ್ ಲೋಟ ಎತ್ತಿದ. ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡು ನುಂಗಿದ. "ಏನೂ ಇಲ್ಲ," ಎಂದ. "ನಿನ್ನ ನಾಲಿಗೆ ಕೆಟ್ಟಿದೆ. ಎರಡು ಕೆಟ್ಟ ಬಿಯರು ಕುಡಿದು ಬಂದಿದ್ದೀಯ, ಎಲ್ಲದರಲ್ಲೂ ಕುದುರೇನೇ ಕಾಣತ್ತೆ."

ಇದ್ದರೂ ಇರಬಹುದು. ಲೆಶೆಕ್ ಆ ಕ್ಷಣ ನಿಜಕ್ಕೂ ತನ್ನನ್ನೇ ಅನುಮಾನಿಸಿದ. ಅವನೆದುರು ಕೂತಿದ್ದದ್ದು ಜಿಲ್ಲೆಗೇ ದೊಡ್ಡ ನಾಲಿಗೆ. ಬಸ್ಸಿನ ಮೆಕ್ಯಾನಿಕ್ಕನ ನಾಲಿಗೆ ಅದರ ಮುಂದೆ ಎಷ್ಟರದ್ದು? ಆದರೆ ಅವನ ಬುದ್ಧಿ ಮೆಕ್ಯಾನಿಕ್ಕನದೇ, ಪರೀಕ್ಷೆ ಮಾಡದೆ ಬಿಡುವಂಥದಲ್ಲ. ಎರಡನೇ ಬಾಟಲಿಯನ್ನು ತಂದು, ಬಕೆಟ್ಟಿಗೆ ಬಿಸಿನೀರು ಹಿಡಿದು ಅಂಗಳದಲ್ಲಿಟ್ಟ. ಮದುವೆಯ ಹಾಲ್‌ನಲ್ಲಿ ಎಷ್ಟು ಸೆಕೆಯಿದೆಯೋ ಅಷ್ಟೇ ಬಿಸಿ, ಹೆಚ್ಚಿಲ್ಲ. ಇದರೊಳಗೆ ಬಾಟಲಿ ಇಡೋಣ, ಸಿಡಿಯದಿದ್ದರೆ ನಾನು ನಿನ್ನ ಕಾಲು ಹಿಡಿಯುತ್ತೇನೆ, ನೀನು ಕುಣಿದುಕೊಂಡು ಮದುವೆಗೆ ಹೋಗು ಎಂದ.

ವಿತೋಲ್ದ್ ಬಾಗಿಲಲ್ಲಿ ಬಂದು ನಿಂತ. "ಬೇಡ ಕಣೋ," ಎಂದ ಮೆತ್ತಗೆ.

"ಯಾಕೆ?"

"ಬೇಡ ಅಂದೆ."

ಆಗ ಲೆಶೆಕ್‌ಗೆ ಗೊತ್ತಾಗಿಹೋಯಿತು. ಗುರುವಾರ ಬೊಜೆನಾ ಬಲಗೈಯ ಹೆಬ್ಬೆರಳಿನ ನರ ಕತ್ತರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದಳು. ಅಂಗಡಿಯಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಜಾಡಿ ಒಡೆಯಿತು ಎಂದು ಡಾಕ್ಟರಿಗೂ ಹೇಳಿದ್ದಳು, ಊರಿಗೂ ಹೇಳಿದ್ದಳು. ಲೆಶೆಕ್ ಹಣ್ಣು ಕೊಂಡುಹೋಗಿ ಅವಳನ್ನು ನೋಡಿಬಂದಿದ್ದ.

"ಬೊಜೆನಾ ಕೈಯಲ್ಲಿ ಒಡೆದದ್ದು ಜಾಡಿ ಅಲ್ಲ, ಪೋರ್ಟರ್ ಬಾಟಲಿ ಅಲ್ವಾ?"

ವಿತೋಲ್ದನ ಕುತ್ತಿಗೆ ಕೆಂಪಗಾಯಿತು.

"ಪೈಪು ಯಾವುದೋ? ಕೆಂಪು ಟೇಪಿಂದಾ?"

"ಇನ್ನೊಂದು ಸೀಳಿಹೋಗಿತ್ತು," ಎಂದ ವಿತೋಲ್ದ್. "ಬಿಸಿನೀರು ಬಿಟ್ಟಿದ್ದೆ. ಎರಡು ಸಲ ಬಿಟ್ಟಿದ್ದೆ. ಲೋ, ಅಕ್ಕನೇ ಬಾಯಿ ಮುಚ್ಚಿಕೊಂಡಿದಾಳೆ, ನಿಂದೇನು? ಒಂದು ಬಾಟಲಿ ಒಡೀತು ಅಂದ್ರೆ ಎಲ್ಲಾ ಒಡೀತವಾ? ಇವತ್ತೊಂದು ದಿನ ದಾಟಲಿ. ಇಡೀ ಹಾಲಿನ ಮುಂದೆ ನಾನು ಮೇಜಿಂದ ಮೇಜಿಗೆ ಹೋಗಿ, ಇದನ್ನ ಕುಡೀಬೇಡಿ, ವಿಷ ಕೊಟ್ಟಿದೀನಿ ಅಂತ ಎತ್ತಿಕೊಂಡು ಬರ್ಲಾ? ಆ ಹುಡುಗಿ ಮದುವೇಲಿ?"

ಲೆಶೆಕ್ ಒಳ್ಳೆಯ ಮನುಷ್ಯ. ಆದರೆ ತಾನು ಹೇಳಿದ್ದೇ ಸರಿ ಎಂದು ಸಾಬೀತಾದ ಗಳಿಗೆಯಲ್ಲಿ ಅವನಷ್ಟು ಅಸಹ್ಯ ಮನುಷ್ಯ ಇನ್ನೊಬ್ಬನಿಲ್ಲ. ಈಗಲಾದರೂ ಗೆಳೆಯನ ಹೆಗಲ ಮೇಲೆ ಕೈಯಿಟ್ಟು, ಬಾ ಇಬ್ಬರೂ ಹೋಗೋಣ ಎಂದಿದ್ದರೆ ವಿತೋಲ್ದ್ ಬಂದೇ ಬಿಡುತ್ತಿದ್ದನೇನೋ. ಅವನು ಹಾಗೆ ಮಾಡಲಿಲ್ಲ. ಬಣ್ಣ ಬಳಿಯುವವನು ಬಣ್ಣ ಬಳಿದುಕೊಂಡೇ ಇರಬೇಕಿತ್ತು ಎಂದ. ನಿನ್ನ ನಾಲಿಗೆಯನ್ನು ದೇವರು ಕೊಟ್ಟದ್ದು ಸುಳ್ಳು ಹೇಳುವುದಕ್ಕೆ ಎಂದ. ಎಂದು, ಮೊಳೆಯಲ್ಲಿದ್ದ ವ್ಯಾನಿನ ಕೀಲಿಗೆ ಕೈ ಹಾಕಿದ.

ವಿತೋಲ್ದ್ ಹೊಡೆದ ಮೊದಲ ಏಟು ಕಿವಿಯ ಮೇಲೆ ಬಿತ್ತು. ಲೆಶೆಕ್ ಮೇಜಿಗೆ ಮುಗ್ಗರಿಸಿದ. ಲೋಟಗಳೆಲ್ಲ ಕೆಳಗುರುಳಿ ಚೂರಾದವು. ಅವನು ಎದ್ದವನೇ ತಲೆಯಿಂದ ವಿತೋಲ್ದನ ಹೊಟ್ಟೆಗೆ ಗುದ್ದಿದ. ಇಬ್ಬರೂ ನೊರೆ ಹರಿದಿದ್ದ ಟೈಲ್ಸಿನ ಮೇಲೆ ಜಾರಿ ಬಿದ್ದರು. ಹೊಡೆದಾಡಿ ಅಭ್ಯಾಸವಿಲ್ಲದ, ನಡುವಯಸ್ಸಿನ, ಹೊಟ್ಟೆ ಬಂದ ಇಬ್ಬರು ಗಂಡಸರ ಜಗಳ ಅದು. ಆದರೆ ಕೋಪ ನಿಜವಾದದ್ದು, ಹೊಟ್ಟೆಯೊಳಗೆ ಬಿಯರೂ ಇತ್ತು. ಲೆಶೆಕ್ ಟೈ ಹಿಡಿದು ಎಳೆದ. ವಿತೋಲ್ದನ ಕಣ್ಣು ಹೊರಬಂದವು. ಅವನು ಕೈಗೆ ಸಿಕ್ಕಿದ ಖಾಲಿ ಕ್ರೇಟಿನಿಂದ ಲೆಶೆಕ್‌ನ ಮುಖಕ್ಕೆ ಅಪ್ಪಳಿಸಿದ. ಮೂಗಿನ ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಇನ್ನೊಮ್ಮೆ ಅಪ್ಪಳಿಸಿದ. ಮೂರನೆಯ ಸಲ ಎತ್ತಿದ ಕೈಯನ್ನು ತಾನೇ ತಡೆದು ಕ್ರೇಟನ್ನು ಗೋಡೆಗೆ ಬೀಸಿದ.

ಲೆಶೆಕ್‌ಗೆ ಪೂರ್ತಿ ಎಚ್ಚರ ಬಂದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೊಳೆಯ ಮೇಲೆ ಕೋಟೂ ಇಲ್ಲ, ವ್ಯಾನಿನ ಕೀಲಿಯೂ ಇಲ್ಲ. ಜೇಬಿನಲ್ಲಿದ್ದ ಫೋನು ನೊರೆಯಲ್ಲಿ ನೆನೆದು ಸತ್ತಿತ್ತು. ಬಾಯಲ್ಲಿ ರಕ್ತ ತುಂಬಿತ್ತು, ಅಂಗೈಯಲ್ಲಿ ಲೋಟದ ಚೂರೊಂದು ನೆಟ್ಟಿತ್ತು. ಉಗ್ರಾಣದಲ್ಲಿ ಇನ್ನೊಂದು ಸಿಡಿಯಿತು. ಅಲ್ಲಿಗೆ ಬೆನ್ನು ಹಾಕಿ, ಹೊರಗೆ ಒರಗಿಸಿದ್ದ ಹಳೇ ಸೈಕಲ್ಲು ಹತ್ತಿದ. ಸೇತುವೆ ದಾಟಿ, ರೈ ಪೈರಿನ ಹೊಲಗಳ ನಡುವಿನ ರಸ್ತೆಯಲ್ಲಿ ಎದುರಿಗೆ ಬಂದವರೆಲ್ಲ ಅವನನ್ನು ನೋಡಿ ಪಕ್ಕಕ್ಕೆ ಸರಿದರು. ಎರಡು ಕಡೆ ಇಳಿದು ವಾಂತಿ ಮಾಡಿದ.

ಅವನು ಮದುವೆಯ ಹಾಲ್ ತಲುಪುವ ಹೊತ್ತಿಗೆ ಚರ್ಚಿನ ಕಾರ್ಯ ಮುಗಿದು ದಿಬ್ಬಣ ಬಂದಾಗಿತ್ತು. ಬಾಗಿಲಲ್ಲಿ ಬೊಜೆನಾ ಬ್ಯಾಂಡೇಜಿನ ಕೈಯ ಮೇಲೆಯೇ ತಟ್ಟೆ ಹಿಡಿದು ಮದುಮಕ್ಕಳಿಗೆ ರೊಟ್ಟಿ ಉಪ್ಪು ಕೊಡುತ್ತಿದ್ದಳು. ಅವರು ರೊಟ್ಟಿ ಮುರಿದು ತಿಂದು, ಪುಟ್ಟ ಲೋಟಗಳಲ್ಲಿನ ವೋಡ್ಕಾ ಕುಡಿದು, ಲೋಟಗಳನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದರು. ಗಾಜು ಕಲ್ಲಿಗೆ ಬಿದ್ದು ಪುಡಿಯಾಯಿತು. ಒಡೆದದ್ದು ಒಳ್ಳೆಯದಾಯಿತು, ಸುಖವಾಗಿರಿ ಎಂದು ಜನ ಕೇಕೆ ಹಾಕಿದರು. ಮದುಮಗ ಕೊನ್ರಾದ್ ಯಾಗೊದಾಳನ್ನು ಎತ್ತಿಕೊಂಡು ಒಳಗೆ ಹೋದ. ಹಿಂದೆಯೇ ಎಲ್ಲರೂ ನುಗ್ಗಿದರು.

ಲೆಶೆಕ್ ಸೈಕಲ್ಲು ಬಿಸಾಕಿ ಓಡಿದ. ಆದರೆ ಮುಖವೆಲ್ಲ ರಕ್ತವಾದ, ಬಿಯರು ನಾರುವ ಮನುಷ್ಯನನ್ನು ಮದುವೆಮನೆಯೊಳಗೆ ಯಾರು ಬಿಡುತ್ತಾರೆ? ಕೊನ್ರಾದನ ಇಬ್ಬರು ದಾಂಡಿಗ ಸೋದರಸಂಬಂಧಿಗಳು ಬಾಗಿಲಲ್ಲೇ ಅವನ ರಟ್ಟೆ ಹಿಡಿದರು. ಬಾಟಲಿ, ಬಾಟಲಿ ಎಂದು ಅವನು ಮುರಿದ ಮೂಗಿನಿಂದ ಕೂಗಿಕೊಂಡ. ಆಯ್ತು ಮಾವ, ನಿಂಗೂ ಒಂದು ಬಾಟಲಿ ಕೊಡೋಣ, ಮೊದಲು ಮುಖ ತೊಳ್ಕೋ ಎಂದು ಅವರು ನಕ್ಕರು. ಅವನು ಒಬ್ಬನ ಕೈ ಕಚ್ಚಿದ. ಅವರಿಗೂ ರೇಗಿತು. ಒಬ್ಬ ಅವನ ತೋಳನ್ನು ಬೆನ್ನಿಗೆ ತಿರುಚಿ ಗೋಡೆಗೆ ಒತ್ತಿಹಿಡಿದ.

ಅಲ್ಲಿಂದ ಅವನಿಗೆ ಇಡೀ ಹಾಲು ಕಾಣುತ್ತಿತ್ತು. ಉದ್ದುದ್ದ ಮೇಜುಗಳು, ಹಬೆಯಾಡುವ ಸೂಪಿನ ಬೋಗುಣಿಗಳು, ಅವುಗಳ ಪಕ್ಕದಲ್ಲೇ ಕಪ್ಪು ಬಾಟಲಿಗಳು. ತಲೆಗೆ ಹೂವಿನ ದಂಡೆ ಇಟ್ಟ ಪುಟ್ಟ ಮಕ್ಕಳು ಮೇಜುಗಳ ಕೆಳಗೆ ನುಸುಳಾಡುತ್ತಿದ್ದರು. ಮದುಮಕ್ಕಳ ಮೇಜಿನ ತುದಿಯಲ್ಲಿ ವಿತೋಲ್ದ್ ಕೂತಿದ್ದ. ಅಂಗಿಯ ಕಲೆ ಕಾಣದ ಹಾಗೆ ಕೋಟಿನ ಗುಂಡಿ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು, ಎದುರಿನ ಬಾಟಲಿಯನ್ನೇ ನೋಡುತ್ತಿದ್ದ. ತಲೆಯೆತ್ತಿದಾಗ ಲೆಶೆಕ್ ಕಂಡ. ಇಬ್ಬರ ಕಣ್ಣೂ ಸೇರಿದವು.

ವಿತೋಲ್ದ್ ಕುರ್ಚಿ ಹಿಂದಕ್ಕೆ ತಳ್ಳಿ ಅರ್ಧ ಎದ್ದ. ಅಷ್ಟರಲ್ಲಿ ಮದುಮಕ್ಕಳ ಮುಂದಿನ ಬಾಟಲಿ ಸಿಡಿಯಿತು.

ಪಟಾಕಿಯಂಥ ಸದ್ದು, ಅದರ ಬೆನ್ನಿಗೇ ಗಾಜು ಉದುರಿದ ಸದ್ದು. ಆಮೇಲೆ ಇಡೀ ಹಾಲು ಎದ್ದು ಹೋ ಎಂದು ಕೇಕೆ ಹಾಕಿತು. ಗಾಜು ತಾನಾಗಿಯೇ ಒಡೆದಿದೆ, ಅದೂ ಮದುಮಕ್ಕಳ ಎದುರಿಗೆ! ಇದಕ್ಕಿಂತ ದೊಡ್ಡ ಶುಭ ಇನ್ನೇನು? ಮುದುಕರು ಚಪ್ಪಾಳೆ ತಟ್ಟಿದರು. ಬ್ಯಾಂಡಿನವರು ಡ್ರಮ್ಮು ಬಾರಿಸಿದರು. ಯಾರೋ "ಕಹಿ! ಕಹಿ!" ಎಂದು ಶುರುಮಾಡಿದ. ವೋಡ್ಕಾ ಕಹಿಯಾಗಿದೆ, ನೀವು ಮುತ್ತಿಟ್ಟುಕೊಂಡು ಸಿಹಿ ಮಾಡಿ ಎಂದು ಆ ಜನ ಪ್ರತಿ ಮದುವೆಯಲ್ಲೂ ಕೂಗುವುದು ಹೀಗೆಯೇ. ನೂರಾರು ಬಾಯಿ ಒಂದೇ ತಾಳದಲ್ಲಿ ಕೂಗತೊಡಗಿದವು. ಮೇಜಿನ ಮೇಲೆ ಮುಷ್ಟಿಗಳು ಬಡಿದವು. ಬಾಟಲಿಗಳೆಲ್ಲ ಆ ಬಡಿತಕ್ಕೆ ಕುಣಿದವು.

ಕೊನ್ರಾದ್ ಕಪ್ಪು ನೊರೆಯಲ್ಲಿ ನೆಂದ ಮುಖ ಒರೆಸಿಕೊಂಡು ನಗುತ್ತಲೇ ಹೆಂಡತಿಯ ಕಡೆ ತಿರುಗಿದ. ಅವಳು ಅಲುಗಾಡದೆ ಕೂತಿದ್ದಳು. ಅವನು ಬಾಗಿ ಮುತ್ತಿಟ್ಟ. ಜನ ಒಂದು, ಎರಡು, ಮೂರು ಎಂದು ಎಣಿಸಿದರು. ಅವನು ಮುಖ ಎತ್ತಿದಾಗ ತುಟಿ, ಗಲ್ಲ ಎಲ್ಲ ಕೆಂಪು. ಅವಳ ಕಿವಿಯ ಕೆಳಗೆ ಒಂದು ಚೂರು ಚುಚ್ಚಿಕೊಂಡಿತ್ತು. ಅಲ್ಲಿಂದ ಹರಿದದ್ದು ಬಿಳಿ ಉಡುಪಿನ ಕೊರಳಪಟ್ಟಿಯನ್ನು ತೋಯಿಸಿ, ಎದೆಯವರೆಗೂ ಇಳಿದಿತ್ತು. ಹಿಂದಿನ ಮೇಜಿನವರು ಇನ್ನೂ ಎಣಿಸುತ್ತಲೇ ಇದ್ದರು.

ಬೊಜೆನಾ ಕರವಸ್ತ್ರದಿಂದ ಮಗಳ ಕುತ್ತಿಗೆ ಒತ್ತಿಹಿಡಿದಳು. ಚೂರು ಕೀಳಬೇಡಿ ಎಂದು ಬೀಗರ ಕಡೆಯ ನರ್ಸೊಬ್ಬಳು ಓಡಿಬಂದು ಅವಳ ಕೈಯಿಂದ ಕರವಸ್ತ್ರ ತೆಗೆದುಕೊಂಡು ತಾನು ಒತ್ತಿದಳು. ಆಗ ಬೊಜೆನಾ ತಮ್ಮನ ಕಡೆ ತಿರುಗಿದಳು.

"ಗಾಜಲ್ಲಿ ದೋಷ ಅಂದಿದ್ದೆ," ಎಂದಳು. "ಆ ಒಂದು ಗಾಜಲ್ಲಿ ದೋಷ ಅಂದಿದ್ದೆ ನೀನು. ನಾನು ನಂಬಿದ್ನಲ್ಲೋ."

ವಿತೋಲ್ದ್ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಮೇಜಿನ ಮೇಲೆ ಬಾಗಿ ಮೊದಲ ಬಾಟಲಿಯನ್ನು ಎತ್ತಿದ. ಆಮೇಲೆ ಎರಡನೆಯದು, ಮೂರನೆಯದು. ತೋಳು ತುಂಬಿದಷ್ಟನ್ನೂ ಅವುಚಿಕೊಂಡು ಹೊಲದ ಕಡೆಯ ಹಿಂಬಾಗಿಲಿನಿಂದ ಹೊರಗೆ ನಡೆದ. ಓಡುವ ಹಾಗಿರಲಿಲ್ಲ, ಓಡಿದರೆ ಕುಲುಕುತ್ತವೆ. ಖಾಲಿ ಕೈಯಲ್ಲಿ ಬಂದು ಇನ್ನೊಂದು ಮೇಜಿಗೆ ಹೋದ. ಕೆಲವರಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ಒಬ್ಬ ಮುದುಕ ತನ್ನ ಬಾಟಲಿಯನ್ನು ಬಿಡಲೊಲ್ಲ. ಕೊಟ್ಟ ಉಡುಗೊರೆ ವಾಪಸ್ಸು ಎತ್ಕೊಂಡು ಹೋಗ್ತೀಯೇನೋ ಜಿಪುಣ ಎಂದು ಬೈದ. ಇದು ಕೆಟ್ಟಿದೆ, ನಾನೇ ಕೆಡಿಸಿದ್ದು, ಕೊಡಿ ಎಂದು ವಿತೋಲ್ದ್ ಅವನ ಬೆರಳು ಬಿಡಿಸಿದ. ಮುಂದಿನ ಮೇಜಿನಲ್ಲೂ ಅದನ್ನೇ ಹೇಳಿದ. ಅದರ ಮುಂದಿನದರಲ್ಲೂ ಹೇಳಿದ. ಯಾರು ಕೇಳಿದರು, ಯಾರು ಬಿಟ್ಟರು ಎಂದು ನೋಡಲು ನಿಲ್ಲಲಿಲ್ಲ.

ಸೋದರಸಂಬಂಧಿಗಳು ಲೆಶೆಕ್‌ನನ್ನು ಬಿಟ್ಟಿದ್ದರು. ಅವನು ಮೇಜುಗಳ ಕೆಳಗಿನಿಂದ ಮಕ್ಕಳನ್ನು ಎಳೆದೆಳೆದು ರಸ್ತೆಯ ಕಡೆಗೆ ಅಟ್ಟಿದ. ಅವನ ಮುಖ ನೋಡಿಯೇ ಅವು ಹೆದರಿ ಓಡಿದವು. ಬ್ಯಾಂಡು ನಿಂತಿತು. ಜನ ಗೋಡೆಗಂಟಿ ಹೊರಗೆ ಸರಿದರು. ಆಂಬುಲೆನ್ಸಿನಲ್ಲಿ ಯಾಗೊದಾಳನ್ನು ಮಲಗಿಸಿದರು. ಕೊನ್ರಾದ್ ಅವಳ ಜೊತೆ ಹತ್ತಿದ. ತಾಯಿಗೂ ಜಾಗ ಇತ್ತು. ತಮ್ಮನಿಗೆ ಅವಳು ಹೇಳಿದ್ದನ್ನು ಕೇಳಿಸಿಕೊಂಡಿದ್ದ ಮಗಳು ಅವಳ ಕಡೆ ನೋಡದೆ ಮುಖ ತಿರುಗಿಸಿಕೊಂಡಳು. ಬಾಗಿಲು ಮುಚ್ಚಿತು.

ಕೊನೆಯ ಮೇಜಿನ ಬಾಟಲಿಗಳನ್ನು ತೆಗೆದುಕೊಂಡು ಹೋಗುವಾಗ ವಿತೋಲ್ದನ ತೋಳಿನಲ್ಲಿ ಒಂದು ಸಿಡಿಯಿತು. ಹಾಲಿನ ಹಿಂದೆ, ಆಲೂಗಡ್ಡೆ ಹೊಲಕ್ಕೆ ಇಳಿಯುವ ದಾರಿಯಲ್ಲಿ ಅದು ಸಿಡಿದದ್ದನ್ನು ಲೆಶೆಕ್ ಕಣ್ಣಾರೆ ಕಂಡ. ಸಿಡಿದ ರಭಸಕ್ಕೆ ವಿತೋಲ್ದ್ ಅರ್ಧ ಸುತ್ತು ತಿರುಗಿದ, ಆದರೆ ಉಳಿದವನ್ನು ಬಿಡಲಿಲ್ಲ. ಬಿಳಿ ಅಂಗಿಯ ಮೇಲೆ ಹರಡಿದ್ದರಲ್ಲಿ ಬಿಯರೆಷ್ಟು, ರಕ್ತವೆಷ್ಟು ತಿಳಿಯುವಂತಿರಲಿಲ್ಲ. ಬಲಗೈಯ ಎರಡು ಬೆರಳು ಹೇಗೆ ಹೇಗೋ ಜೋತುಬಿದ್ದಿದ್ದವು. ಲೆಶೆಕ್ ಅವನ ಹೆಸರು ಹಿಡಿದು ಕೂಗಿದ. ಎರಡು ಹೆಜ್ಜೆ ಮುಂದೆ ಹೋದ. ಆಮೇಲೆ ಅಲ್ಲೇ ನಿಂತುಬಿಟ್ಟ.

ಅವನನ್ನು ದಾಟಿಕೊಂಡು ಬೊಜೆನಾ ಹೋದಳು. ನೀಲಿ ರೇಷ್ಮೆಯ ಉಡುಪನ್ನು ಒಂದೇ ಕೈಯಿಂದ ಮೇಲೆತ್ತಿಕೊಂಡು, ಎತ್ತರದ ಹಿಮ್ಮಡಿಯ ಚಪ್ಪಲಿಗಳನ್ನು ಬದುವಿನಲ್ಲೇ ಕಳಚಿಟ್ಟು ಹೊಲಕ್ಕೆ ಇಳಿದಳು.

ವಿತೋಲ್ದ್ ಸಾಲುಗಳ ನಡುವೆ ಮೊಣಕಾಲೂರಿದ್ದ. ಬಾಟಲಿಗಳನ್ನು ಇಳಿಸಲು ಅವನ ತೋಳು ಬಿಚ್ಚುತ್ತಿರಲಿಲ್ಲ. ಅವಳು ಎದುರು ಕೂತು, ಒಂದೊಂದನ್ನೇ ಬಿಡಿಸಿಕೊಂಡು ಸಾಲಿನ ತಗ್ಗಿನಲ್ಲಿ ಮಲಗಿಸಿದಳು. ಮೇಲಿನ ಮಣ್ಣು ಇನ್ನೂ ಬಿಸಿಯಾಗಿತ್ತು. ಎಡಗೈಯಿಂದ ಅದನ್ನು ಕೆದರಿ, ಒಳಗಿನ ತಂಪು ಮಣ್ಣನ್ನು ಎಳೆದು ಬಾಟಲಿಗಳ ಮೇಲೆ ಮುಚ್ಚತೊಡಗಿದಳು. ಸ್ವಲ್ಪ ಹೊತ್ತಿಗೆ ಅವನೂ ತನ್ನ ಎಡಗೈಯಿಂದ ಮಣ್ಣೆಳೆದ. ಒಂದು ಸಲ ಇಬ್ಬರ ಕೈಗಳೂ ತಾಗಿದವು. ಅವಳು ಕೈ ತೆಗೆದು ಮುಂದಿನ ಬಾಟಲಿಗೆ ಸರಿದಳು.